ಪವಾಡದ ಮುಂದೆ ಪ್ರೊಫೆಸರು ಕೂತರೆ ಸಾಲದು

ಬಸ್ಸಿನ ಸೀಟಿನ ಬೆನ್ನಿಗೆ ಅಂಟಿಸಿರುವ ಆ ಚೀಟಿಗಳನ್ನು ನೀವೂ ಓದಿರುತ್ತೀರಿ. ಸ್ತ್ರೀ-ಪುರುಷ ವಶೀಕರಣ, ಗಂಡ-ಹೆಂಡತಿ ಕಲಹ, ಸಾಲಬಾಧೆ, ಶತ್ರುಕಾಟ, ಕೋರ್ಟು ವ್ಯಾಜ್ಯ, ಸಂತಾನ. ‘ನೀವು ಬಾಯಿ ಬಿಡುವ ಮೊದಲೇ ನಿಮ್ಮ ಸಮಸ್ಯೆ ಹೇಳುತ್ತೇವೆ, ಫೋನಿನಲ್ಲೇ ಪರಿಹಾರ.’ ಕೆಳಗೊಂದು ಮೊಬೈಲ್ ನಂಬರು. ಗಜೇಂದ್ರಗಡ, ರೋಣ, ನರಗುಂದದ ನಡುವೆ ಕಂಡಕ್ಟರ್ ಆಗಿ ದುಡಿದ ನಾನು ಇವನ್ನು ಉಗುರಿನಿಂದ ಕೆರೆದು ಕೆರೆದು ಸಾಕಾದವನು. ಸಂಜೆ ಕೆರೆದು ಹಾಕಿದರೆ ಮರುದಿನ ಮೊದಲ ಟ್ರಿಪ್ಪಿಗೆ ಹೊಸದು ಅಂಟಿರುತ್ತಿತ್ತು. ಯಾವಾಗ ಬಂದು ಅಂಟಿಸುತ್ತಾರೋ, ಒಬ್ಬನೂ ಕೈಗೆ ಸಿಗಲಿಲ್ಲ. ಆ ಮಂದಿ ಮಾಡಿದ್ದರಲ್ಲಿ ನಾನು ಒಪ್ಪುವ ಪವಾಡ ಅದೊಂದೇ.

ಡ್ಯೂಟಿ ಇಲ್ಲದ ದಿನ ನಾನು ಜಾದೂ ಮಾಡುತ್ತಿದ್ದೆ. ನಿವೃತ್ತನಾದ ಮೇಲೆ ಈಗಲೂ ಮಾಡುತ್ತೇನೆ. ಶಾಲೆಯ ಗ್ಯಾದರಿಂಗು, ಗಣಪತಿ ಮಂಡಳಿ, ಜಾತ್ರೆಯ ನಾಟಕದಲ್ಲಿ ಪರದೆ ಬದಲಿಸುವ ಹೊತ್ತು, ಇಷ್ಟೇ ನನ್ನ ರಂಗ. ಹೆಣ್ಣುಮಗಳನ್ನು ಪೆಟ್ಟಿಗೆಯಲ್ಲಿಟ್ಟು ಗರಗಸದಿಂದ ಕೊಯ್ಯುವ ಸರಂಜಾಮು ನನ್ನಲ್ಲಿಲ್ಲ. ಒಂದಿಷ್ಟು ನಾಣ್ಯ, ಹಗ್ಗ, ಇಸ್ಪೀಟು, ಒಂದು ಕರಿ ಕೋಟು. ಕೈಗೆ ಬೇಕಾದ ಸಾಧನೆಯನ್ನು ಕಂಡಕ್ಟರ್ ಕೆಲಸವೇ ಮಾಡಿಸಿತ್ತು. ಓಲಾಡುವ ಬಸ್ಸಿನಲ್ಲಿ ಬೆರಳ ಸಂದಿಗೆ ಉದ್ದಕ್ಕೆ ಮಡಚಿಟ್ಟ ನೋಟು, ಅಂಗೈಯಲ್ಲಿ ಚಿಲ್ಲರೆ, ಇನ್ನೊಂದು ಕೈಯಲ್ಲಿ ಟಿಕೆಟ್ಟು ಹಿಡಿದು ನಿಂತವನಿಗೆ ಒಂದು ನಾಣ್ಯ ಮುಚ್ಚಿಡುವುದು ಏನು ಮಹಾ.

ಆದರೆ ವಿದ್ಯೆ ಕಂಡದ್ದು ಅದಕ್ಕೂ ಮೊದಲು. ಸುಗ್ಗಿಯ ಹೊತ್ತಿಗೆ ನಮ್ಮೂರಿಗೆ ಸುಡುಗಾಡು ಸಿದ್ಧರು ಬರುತ್ತಿದ್ದರು. ಗಂಟೆ ಬಾರಿಸಿ, ಶಂಖ ಊದಿ, ಅಂಗಳದಲ್ಲಿ ಕೂತು ಬರಿಗೈಯಿಂದ ಕಲ್ಲು ತೆಗೆಯುವುದು, ಮಾಯ ಮಾಡುವುದು. ಅವರ ಕೈಚಳಕದ ಮುಂದೆ ನನ್ನದು ಬಾಲವಾಡಿ. ಒಂದು ಸೇರು ಜೋಳ, ಹಳೆಯ ಸೀರೆ, ಅಷ್ಟು ಸಿಕ್ಕರೆ ಹರಸಿ ಮುಂದಿನ ಮನೆಗೆ. ಅದೇ ಕೈಚಳಕವನ್ನು ಎತ್ತರದ ಪೀಠದ ಮೇಲೆ ಕೂತು ಮಾಡಿದವನಿಗೆ ಕಾರು, ಕಟ್ಟಡ, ಮಂತ್ರಿಗಳ ನಮಸ್ಕಾರ. ಸಿದ್ಧರ ಮಕ್ಕಳು ಇವತ್ತೂ ಟೆಂಟಿನಲ್ಲಿದ್ದಾರೆ.

‘ಬಾಯಿ ಬಿಡುವ ಮೊದಲೇ ಸಮಸ್ಯೆ ಹೇಳುವ’ ವಿದ್ಯೆಯ ವಿಷಯಕ್ಕೆ ಬರೋಣ. ಬಸ್ಸು ಹತ್ತಿದ ಮನುಷ್ಯನನ್ನು ನೋಡಿದ ಕೂಡಲೇ ಟಿಕೆಟ್ಟು ಎಲ್ಲಿಗೆ ಎಂಬುದು ಹಳೆಯ ಕಂಡಕ್ಟರಿಗೆ ಹೆಚ್ಚುಕಡಿಮೆ ತಿಳಿಯುತ್ತದೆ. ಕಂಕುಳಲ್ಲಿ ಪ್ಲಾಸ್ಟಿಕ್ ಕೈಚೀಲ, ಅದರೊಳಗಿಂದ ಇಣುಕುವ ದಾರ ಕಟ್ಟಿದ ಹಳೆಯ ಕಾಗದದ ಕಟ್ಟು, ಇಸ್ತ್ರಿ ಮಾಡಿದ ಧೋತರ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಇವರು ಕೋರ್ಟಿಗೆ ಹೊರಟವರು. ವ್ಯಾಜ್ಯ ಬಹುತೇಕ ಹೊಲದ್ದು, ಎದುರಾಳಿ ಬಹುತೇಕ ಸ್ವಂತ ಅಣ್ಣನೋ ತಮ್ಮನೋ. ಡಬ್ಬಿಯಲ್ಲಿ ಊಟ, ಹೆಗಲಿಗೆ ದುಪ್ಪಟಿ, ಜೊತೆಗೊಬ್ಬ ಮುದುಕಿ ಇದ್ದರೆ ದವಾಖಾನೆಯಲ್ಲಿ ಬಾಣಂತಿ ಇದ್ದಾಳೆ. ಹೊಸ ಚಪ್ಪಲಿ ಕಚ್ಚಿ ಕುಂಟುತ್ತಿರುವ ಹುಡುಗ, ಹಿಂದೆ ನಾಲ್ಕು ಜನ ಹಿರಿಯರು: ಕನ್ಯಾ ನೋಡಲು ಹೊರಟಿದ್ದಾರೆ.

ಒಮ್ಮೆ ರೋಣದಲ್ಲಿ ಹತ್ತಿದ ಹಿರಿಯರೊಬ್ಬರಿಗೆ ಟಿಕೆಟ್ಟು ಹರಿಯುತ್ತ ಮೆಲ್ಲಗೆ ಅಂದೆ: “ಯಜಮಾನ್ರ, ತಾರೀಖು ಮತ್ತ ಮುಂದಕ್ಕ ಹೋಗ್ತದ ಅಂತ ಚಿಂತಿ ಮಾಡಬ್ಯಾಡ್ರಿ. ತಮ್ಮನ ಮನಸ್ಸು ಒಳಗ ಮೆತ್ತಗ ಐತಿ, ಹೊರಗಿನವರು ಕೆಡಸ್ಯಾರ.” ಮುದುಕ ದಿಗಿಲಾಗಿ ನನ್ನ ಕೈ ಹಿಡಿದುಬಿಟ್ಟ. “ಹೆಂಗ್ ಗೊತ್ತಾತ್ರಿ ನಿಮಗ? ಯಾವ ದೇವ್ರ ಒಲದೈತ್ರಿ?” ಕೈಚೀಲ ತೋರಿಸಿ, ಧೋತರ ತೋರಿಸಿ, ನಾನು ಹೇಗೆ ಊಹಿಸಿದೆ ಎಂದು ಬಿಡಿಸಿ ಹೇಳಿದೆ. ತಮ್ಮ ಅಂದದ್ದು ಹೇಗೆಂದರೆ, ಇಷ್ಟು ವಯಸ್ಸಾದವರು ಹೊಲದ ಸಲುವಾಗಿ ಬೇರೆ ಯಾರ ಮೇಲೆ ದಾವೆ ಹೂಡುತ್ತಾರೆ? ‘ಹೊರಗಿನವರು ಕೆಡಿಸಿದ್ದಾರೆ’ ಎಂಬುದಂತೂ ಯಾವ ಮನೆಗೂ ಸಲ್ಲುವ ಮಾತು. ನಸುಕಿನಲ್ಲಿ ಬರುವ ಬುಡಬುಡಕಿಯವನಿಗೂ ಇದು ಗೊತ್ತು, ಎಸಿ ಕೋಣೆಯಲ್ಲಿ ಕೂತ ‘ಮನಸ್ಸು ಓದುವ’ ಗುರುವಿಗೂ ಗೊತ್ತು. ನಾನು ಎಷ್ಟು ಬಿಡಿಸಿ ಹೇಳಿದರೂ ಆ ಹಿರಿಯರು ಮಾತ್ರ ಇಳಿಯುವ ಹೊತ್ತಿಗೆ ಕೈಮುಗಿದೇ ಇಳಿದರು. “ಇರ್ಲಿ ಬಿಡ್ರಿ, ನೀವು ದೊಡ್ಡವರು, ಹೇಳಿಕೊಳ್ಳೂದಿಲ್ಲ” ಅಂದರು. ಗುಟ್ಟು ಬಿಚ್ಚಿ ಹೇಳಿದರೂ ಶಕ್ತಿ ನನಗೇ ಅಂಟಿಕೊಂಡಿತು!

ನನ್ನ ತಕರಾರು ಮುದುಕರ ಮೇಲಲ್ಲ, ಓದಿದವರ ಮೇಲೆ. ಅತೀಂದ್ರಿಯ ಶಕ್ತಿ ಇದೆ ಎನ್ನುವವನನ್ನು ಪರೀಕ್ಷಿಸುವ ಪ್ರಸಂಗ ಬಂದಾಗ ನಮ್ಮಲ್ಲಿ ಎದುರಿಗೆ ಕೂರಿಸುವುದು ಡಾಕ್ಟರನ್ನು, ಪ್ರೊಫೆಸರನ್ನು, ತಹಶೀಲ್ದಾರರನ್ನು. ಅವರೆಲ್ಲ ದೊಡ್ಡ ಮನುಷ್ಯರೇ. ಆದರೆ ಅವರ ಕೆಲಸದಲ್ಲಿ ಎದುರಿಗಿರುವ ವಸ್ತು ಅವರಿಗೆ ಮೋಸ ಮಾಡುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗಿನ ಕ್ರಿಮಿ ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳುವ ಕೈಯನ್ನು ನೋಡಿ ಅಭ್ಯಾಸವಿರುವುದು ಜಾದೂಗಾರನಿಗೆ. ಪರೀಕ್ಷೆಯ ಮೇಜಿನ ಬಳಿ ಅವನಿಗೊಂದು ಕುರ್ಚಿ ಬೇಕು ಎಂಬುದೇ ನನ್ನ ವಾದ.

ಹಳಬರಿಗೆ ಇದು ತಿಳಿದಿತ್ತು ಅನ್ನಿಸುತ್ತದೆ. ನಮ್ಮ ಕಡೆ ಮೋಡಿ ಆಟ ಇತ್ತು. ನೆಲದ ಮೇಲೆ ಲಿಂಬೆಹಣ್ಣೋ ಕಾಯಿಯೋ ಇಟ್ಟು, ತಾಕತ್ತಿದ್ದರೆ ಎತ್ತಿಕೊಂಡು ಹೋಗು ಎಂದು ಒಬ್ಬ ಮೋಡಿಕಾರ ಇನ್ನೊಬ್ಬನಿಗೆ ಸವಾಲು ಹಾಕುವುದು, ಸುತ್ತ ಊರವರು ನಿಂತು ನೋಡುವುದು. ಆಟದಲ್ಲಿ ನಾಟಕ ಬಹಳ ಇತ್ತು, ನಿಜ. ಆದರೂ ಮಂತ್ರದವನ ಎದುರಿಗೆ ಊರವರು ನಿಲ್ಲಿಸುತ್ತಿದ್ದದ್ದು ಆ ವಿದ್ಯೆಯ ಒಳಹೊರಗು ಬಲ್ಲ ಇನ್ನೊಬ್ಬನನ್ನೇ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ದೊಡ್ಡ ಮಟ್ಟದಲ್ಲಿ ಕೈ ಹಾಕಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ಬಳಿಯ ಹೊಸೂರಿನ ಬಡ ಮನೆಯ ಹುಡುಗ, ಅಮೆರಿಕದ ಒಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿ ಬಂದು, ನ್ಯಾಷನಲ್ ಕಾಲೇಜಿನ ಕೋಣೆಯಲ್ಲೇ ಬದುಕಿದ ಗಾಂಧಿವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ಕಟ್ಟಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ, ನಮ್ಮೆದುರು ಪವಾಡ ಮಾಡಿ ತೋರಿಸಿ ಎಂದು ಒಂದಲ್ಲ ಮೂರು ಪತ್ರ ಬರೆದರು. ಪರೀಕ್ಷೆ ನಡೆಯಲೇ ಇಲ್ಲ. ಉಂಗುರ, ವಿಭೂತಿ ಯಾಕೆ, ಒಂದು ಕುಂಬಳಕಾಯಿ ಸೃಷ್ಟಿಸಲಿ ಎಂದು ಅವರು ಕೇಳಿದ್ದು ನಾಡಿಗೆಲ್ಲ ಗೊತ್ತು. ಜನ ಅದನ್ನು ಹಾಸ್ಯ ಎಂದುಕೊಂಡರು. ನಮ್ಮ ವೃತ್ತಿಯವರ ಕಿವಿಗೆ ಅದು ಹಾಸ್ಯವಲ್ಲ. ಅಂಗೈಯಲ್ಲಿ ಅಡಗುವುದು ಯಾವುದು, ಅಡಗದಿರುವುದು ಯಾವುದು ಎಂಬ ಲೆಕ್ಕ ಅದರಲ್ಲಿದೆ. ಎಚ್ಚೆನ್ ಜಾದೂಗಾರನಂತೆ ಯೋಚಿಸಿದ್ದರು.

ಆ ಸಮಿತಿ ಪಾಂಡವಪುರಕ್ಕೂ ಹೋಗಿತ್ತು. ಅಲ್ಲಿ ಒಬ್ಬ ಬಾಲಕ ಬರಿಗೈಯಿಂದ ವಿಭೂತಿ ಕೊಡುತ್ತಾನೆಂದು ಜನ ಮುಗಿಬಿದ್ದಿದ್ದರು. ವಿಭೂತಿ ಇದ್ದದ್ದು ಬಾಲಕನ ಬನಿಯನ್ನಿನೊಳಗೆ. ವಿಭೂತಿ ಗಟ್ಟಿ ನಮ್ಮ ಕಡೆ ಮನೆ ಮನೆಯ ದೇವರ ಜಗಲಿಯಲ್ಲಿರುವ ವಸ್ತು. ಅದರ ಒಂದು ಚೂರನ್ನು ಹೆಬ್ಬೆರಳ ಬುಡದಲ್ಲಿ ಒತ್ತಿ ಹಿಡಿದು, ಗಾಳಿಯಲ್ಲಿ ಕೈ ತಿರುಗಿಸುವಾಗ ಬೆರಳ ತುದಿಯಿಂದ ಪುಡಿ ಮಾಡಿ ಉದುರಿಸುವುದು ಒಂದು ವಾರದ ಅಭ್ಯಾಸ. ನನ್ನನ್ನು ಕಾಡುವುದು ಆ ಮಗು. ಬನಿಯನ್ನಿನಲ್ಲಿ ಗುಟ್ಟಿನ ಚೀಲ ಹೊಲಿದುಕೊಳ್ಳುವ ಬುದ್ಧಿ ಅಷ್ಟು ಸಣ್ಣ ಹುಡುಗನಿಗೆ ತಾನಾಗಿ ಬಂದಿರಲಾರದು.

1977ರಲ್ಲಿ ಎಚ್ಚೆನ್ ಅಧಿಕಾರ ಮುಗಿಯಿತು, ಸಮಿತಿಯೂ ಮುಗಿಯಿತು. ಆಮೇಲೆ ಈ ನಾಡಿನ ಯಾವ ವಿಶ್ವವಿದ್ಯಾಲಯವೂ ಆ ಗೊಡವೆಗೆ ಹೋದಂತಿಲ್ಲ. ಕೆಲಸ ಬೀದಿಗೆ ಬಂತು. ಮಂಗಳೂರಿನ ನರೇಂದ್ರ ನಾಯಕ್, ನಮ್ಮ ಶಾಲೆಗಳಿಗೂ ಪರಿಚಿತರಾದ ಹುಲಿಕಲ್ ನಟರಾಜ್ ಊರೂರು ಸುತ್ತಿ, ನೀರು ಚಿಮುಕಿಸಿದರೆ ಕಾಯಿಗೆ ಬೆಂಕಿ ಹತ್ತುವುದು ಜುಟ್ಟಿನೊಳಗಿನ ಸೋಡಿಯಂ ಚೂರಿನಿಂದ, ಮಂತ್ರಕ್ಕೆ ಹೋಮ ಉರಿಯುವುದು ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ತುಪ್ಪವೆಂದು ಸುರಿದ ಗ್ಲಿಸರಿನ್‌ನಿಂದ ಎಂದು ಮಾಡಿ ತೋರಿಸಿದರು. ಇವರಿಗೆಲ್ಲ ಹಿರಿಯರು ಶ್ರೀಲಂಕಾದಲ್ಲಿ ನೆಲೆಸಿದ್ದ ಕೇರಳದ ಅಬ್ರಹಾಂ ಕೋವೂರ್. ಮೋಸವಿಲ್ಲದೆ ಪವಾಡ ತೋರಿಸಿದವರಿಗೆಂದು 1963ರಲ್ಲೇ ಒಂದು ಲಕ್ಷ ರೂಪಾಯಿ ಪಣ ಇಟ್ಟವರು. 1978ರಲ್ಲಿ ಅವರು ತೀರಿಕೊಂಡಾಗಲೂ ಹಣ ಹಾಗೇ ಇತ್ತು.

ಓದಿದವರೂ ಮರುಳಾಗುತ್ತಾರೆ ಅಂದೆನಲ್ಲ, ಅದಕ್ಕೆ ಹೊರದೇಶದ ಎರಡು ಪುರಾವೆ ಕೊಡುತ್ತೇನೆ. ಯೂರಿ ಗೆಲ್ಲರ್ ಎಂಬಾತ ಮನಸ್ಸಿನ ಬಲದಿಂದ ಚಮಚ ಬಗ್ಗಿಸುತ್ತೇನೆ ಎಂದಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿಗಳೇ ಅವನನ್ನು ಗಂಭೀರವಾಗಿ ತೆಗೆದುಕೊಂಡರು. ಆದರೆ 1973ರಲ್ಲಿ ಟಿವಿ ನಿರೂಪಕ ಜಾನಿ ಕಾರ್ಸನ್ ಅವನನ್ನು ಕರೆಸುವ ಮೊದಲು ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರನ ಸಲಹೆ ಕೇಳಿದ. ಕಾರ್ಸನ್ ಸ್ವತಃ ಹಿಂದೆ ಜಾದೂ ಮಾಡಿದವನು. ಸಾಮಾನನ್ನು ನೀವೇ ತನ್ನಿ, ಕಾರ್ಯಕ್ರಮಕ್ಕೆ ಮೊದಲು ಅವನ ಕಡೆಯವರು ಮುಟ್ಟದಂತೆ ನೋಡಿಕೊಳ್ಳಿ ಎಂದಿದ್ದ ರ‍್ಯಾಂಡಿ. ಅಷ್ಟೇ ಸಾಕಾಯಿತು. ಲಕ್ಷಾಂತರ ಜನರ ಮುಂದೆ ಗೆಲ್ಲರ್ ಇವತ್ತು ಶಕ್ತಿ ಬರುತ್ತಿಲ್ಲ ಎಂದು ಕೂತುಬಿಟ್ಟ.

ಇನ್ನೊಂದು ಇದಕ್ಕಿಂತ ರುಚಿ. 1979ರಲ್ಲಿ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಅತೀಂದ್ರಿಯ ಶಕ್ತಿಯ ಸಂಶೋಧನೆಗೆಂದು ಐದು ಲಕ್ಷ ಡಾಲರ್ ದೇಣಿಗೆ ಬಂತು. ರ‍್ಯಾಂಡಿ ಇಬ್ಬರು ಜಾದೂ ಹುಡುಗರನ್ನು ಶಕ್ತಿಶಾಲಿಗಳೆಂದು ಹೇಳಿಸಿ ಒಳಗೆ ಕಳಿಸಿದ. ಪರೀಕ್ಷೆ ಹೇಗೆ ಬಿಗಿಮಾಡಬೇಕು ಎಂದು ಪ್ರಯೋಗಾಲಯಕ್ಕೆ ಮೊದಲೇ ಪತ್ರವನ್ನೂ ಬರೆದಿದ್ದ. ಹುಡುಗರಿಗೆ ಅವನ ತಾಕೀತು ಒಂದೇ: ನೀವು ಕಣ್ಕಟ್ಟು ಮಾಡುತ್ತಿದ್ದೀರಾ ಎಂದು ಯಾರಾದರೂ ನೇರ ಕೇಳಿದರೆ ಹೌದು ಎಂದು ಒಪ್ಪಿಕೊಳ್ಳಿ. ಯಾರೂ ಕೇಳಲಿಲ್ಲ. 1983ರಲ್ಲಿ ಅವನೇ ಪತ್ರಕರ್ತರನ್ನು ಕರೆದು ಬಯಲು ಮಾಡಬೇಕಾಯಿತು.

ನಮ್ಮವರೂ ಕಡಿಮೆಯಿಲ್ಲ. 1966ರಲ್ಲಿ ಎಲ್.ಎಸ್. ರಾವ್ ಎಂಬ ಹಠಯೋಗಿ ಮುಂಬೈಯಲ್ಲಿ ನೀರಿನ ಮೇಲೆ ನಡೆಯುತ್ತೇನೆಂದು ಟಿಕೆಟ್ ಇಟ್ಟು ಜನ ಸೇರಿಸಿ, ತೊಟ್ಟಿಯ ಅಂಚಿನಿಂದ ಹೆಜ್ಜೆ ಇಟ್ಟ ಕೂಡಲೇ ಸೀದಾ ತಳ ಮುಟ್ಟಿದ. ಗುಂಪಿನಲ್ಲಿ ನಂಬಿಕೆ ಇಲ್ಲದವನೊಬ್ಬ ನಿಂತಿದ್ದಾನೆ, ಅದಕ್ಕೇ ಹೀಗಾಯಿತು ಎಂದನಂತೆ. ಈ ಮಾತು ನೆನಪಿಡಿ. ಕೆಳಗೆ ಬೇಕಾಗುತ್ತದೆ.

ಗಜೇಂದ್ರಗಡದಿಂದ ಕುಷ್ಟಗಿ ಕಡೆ ಹೋಗುವ ದಾರಿಯಲ್ಲಿ ನನ್ನ ಕಾಕಾನ ಮಗನ ಮಸಾರಿ ಹೊಲವಿದೆ. ನರಗುಂದದ ಕಡೆಯ ಎರಿ ಹೊಲಗಳಿಗೆ ಮಲಪ್ರಭೆಯ ಕಾಲುವೆ ಉಂಟು, ಇಲ್ಲಿ ಮಳೆ, ಇಲ್ಲವೇ ಬೋರು. ಅವನು ಬೋರ್ ಹಾಕಿಸುವ ಮುಂಚೆ ಪಾಯಿಂಟ್ ತೋರಿಸಲು ಒಬ್ಬರನ್ನು ಕರೆಸಿದ. ಬಿಳಿ ಅಂಗಿಯ, ಮಾತು ಕಡಿಮೆಯ ಮನುಷ್ಯ. ಚಪ್ಪಲಿ ಬಿಟ್ಟು, ಪೂರ್ವಕ್ಕೆ ಕೈಮುಗಿದು, ಬಲ ಅಂಗೈ ಮೇಲೆ ಜುಟ್ಟಿನ ಕಾಯಿ ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಿಧಾನವಾಗಿ ನಡೆದರು. ಬನ್ನಿಗಿಡದ ಹತ್ತಿರ ಬಂದಾಗ ಕಾಯಿ ಒಮ್ಮೆ ನಡುಗಿತು. ಇನ್ನೆರಡು ಹೆಜ್ಜೆಗೆ ಜುಟ್ಟು ಮೇಲಾಗಿ ನೆಟ್ಟಗೆ ಎದ್ದು ನಿಂತಿತು. ಮನೆಯವರೆಲ್ಲ ಉಸಿರು ಬಿಗಿಹಿಡಿದರು. ನಾನು ಕಾಯಿ ನೋಡಲಿಲ್ಲ, ಮಣಿಕಟ್ಟು ನೋಡಿದೆ. ಹೆಬ್ಬೆರಳ ಕಡೆಯ ನರ ಒಂದು ಸಲ ಉಬ್ಬಿತು. ಅಂಗೈ ಕೂದಲೆಳೆಯಷ್ಟು ವಾಲಿತ್ತು. ಕಾಯಿಯ ಬುಡ ದುಂಡಗೆ, ಭಾರ ಒಂದು ಕಡೆಗೆ. ಅಷ್ಟು ಸಾಕು.

“ಯಜಮಾನ್ರ, ಕಣ್ಣಿಗೆ ಟವೆಲ್ ಕಟ್ಟಿ ಇನ್ನೊಂದ್ ಸಲ ನಡೀತೀರೇನ್ರಿ?” ಅಂದೆ.

“ಕಣ್ಣು ಕಟ್ಟಿದ್ರ ಗಂಗವ್ವ ಹೆಂಗ ಕಾಣ್ತಾಳ್ರಿ?”

“ನೀರು ಹುಡುಕೂದು ಕಾಯಿ ಅಲ್ಲೇನ್ರಿ?”

ನಕ್ಕು ಒಪ್ಪಿದರು. ಆ ಮನುಷ್ಯನ ದೊಡ್ಡತನ ಅದು, ಬೇರೆಯವರಾದರೆ ಕಾಯಿ ಬಿಸಾಕಿ ಹೊರಟುಬಿಡುತ್ತಿದ್ದರು. ಮೊದಲ ಸಲ ನಿಂತ ಜಾಗಗಳಿಗೆ ನಾವು ಕಲ್ಲಿಟ್ಟಿದ್ದೆವು. ಕಣ್ಣು ಕಟ್ಟಿ, ಎರಡು ಸುತ್ತು ತಿರುಗಿಸಿ, ತೋಳು ಹಿಡಿದು ನಡೆಸಿದೆವು. ಕಲ್ಲಿನ ಮೇಲೇ ಹಾದುಹೋದರೂ ಕಾಯಿ ಮಲಗೇ ಇತ್ತು. ಬದುವಿನ ಬಳಿ, ಮೊದಲು ಏನೂ ಇಲ್ಲ ಎಂದಿದ್ದ ಕಡೆ, ಎದ್ದು ನಿಂತಿತು. ಟವೆಲ್ ಬಿಚ್ಚಿದಾಗ ಅವರ ಮುಖದಲ್ಲಿ ನಿಜವಾದ ಗೊಂದಲವಿತ್ತು. “ಇವತ್ತ ಅಮಾಸಿ ಸಮೀಪ ಐತ್ರಿ, ಕಾಯಿ ಮಾತು ಕೇಳವಲ್ದು” ಅಂದರು.

ಅವರು ಮೋಸಗಾರರಲ್ಲ. ಕೈ ತನಗೆ ತಿಳಿಯದಂತೆ ತಾನೇ ಆಡುತ್ತದೆ. ಇಂಗ್ಲೆಂಡಿನಲ್ಲಿ ಪ್ರೇತಗಳು ಮೇಜು ತಿರುಗಿಸುತ್ತವೆ ಎಂಬ ಹುಚ್ಚು ಹಬ್ಬಿದ್ದಾಗ 1853ರಲ್ಲಿ ಮೈಕೆಲ್ ಫ್ಯಾರಡೆ ಮೇಜಿನ ಮೇಲೆ ಒಂದು ಸಣ್ಣ ಮುಳ್ಳು ಜೋಡಿಸಿ, ಮೊದಲು ತಳ್ಳುವುದು ಕೂತವರ ಕೈ, ಮೇಜು ಆಮೇಲೆ ಹೊರಳುತ್ತದೆ ಎಂದು ತೋರಿಸಿದ. ಕೂತವರಿಗೆ ಆ ಮುಳ್ಳು ಕಾಣುವಂತೆ ಇಟ್ಟಾಗ ಮೇಜು ಅಲುಗಲೇ ಇಲ್ಲ. ಕೂತವರೆಲ್ಲ ಪ್ರಾಮಾಣಿಕರೇ. ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ ಒಂದು ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಅತ್ತಿತ್ತ ಸರಿಸುತ್ತ, ಮೇಲಿನ ಅಂತಸ್ತಿನಲ್ಲಿ ಜಲ ಹುಡುಕುವವರನ್ನು ನಡೆಸಿದರು. ನೂರಾರು ಜನರಲ್ಲಿ ಸೋಸಿ ತೆಗೆದ 43 ಮಂದಿ, 843 ಪರೀಕ್ಷೆ. ನಡೆಸಿದವರು ಕೆಲವರಿಗೆ ಶಕ್ತಿ ಇದೆ ಎಂದೇ ಬರೆದರು. ಅದೇ ಅಂಕಿಗಳನ್ನು ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಮತ್ತೆ ಲೆಕ್ಕ ಹಾಕಿದಾಗ ಉಳಿದದ್ದು ಬರೀ ಅದೃಷ್ಟದ ಪಾಲು.

ನನ್ನ ತಮ್ಮ ಏನು ಮಾಡಿದ ಕೇಳಿ. ಬನ್ನಿಗಿಡದ ಪಾಯಿಂಟಿಗೇ ಬೋರ್ ಹೊಡೆಸಿದ. ಒಂದೂವರೆ ಇಂಚು ನೀರು ಬಿತ್ತು! “ನೋಡಪಾ ಅಣ್ಣಾ” ಎಂದು ಇವತ್ತಿಗೂ ಚುಚ್ಚುತ್ತಾನೆ. ಎರಡನೆಯ ಬೇಸಿಗೆಗೆ ಅದು ಬತ್ತಿತು. ಬತ್ತಿದ್ದಕ್ಕೆ ಕಾಯಿ ಕಾರಣವಲ್ಲ, ಪಕ್ಕದ ಹೊಲದವನ ಹೊಸ ಬೋರು ಕಾರಣ. ಆ ಪಕ್ಕದವನು ಮೊದಲು ಬೇರೊಬ್ಬರ ಕಾಯಿ ನಂಬಿ ಒಣ ಬೋರು ಹೊಡೆಸಿದ್ದ. “ಆ ಮನಿಷ್ಯಾನ ಕೈಗುಣ ಸರಿ ಇಲ್ರಿ” ಎನ್ನುತ್ತಾನೆ ಅವನು. ನೀರು ಬಂದರೆ ಕಾಯಿಯ ಹೆಸರು, ಬಾರದಿದ್ದರೆ ಕೈಯ ತಪ್ಪು, ಇಲ್ಲವೇ ಅಮಾವಾಸ್ಯೆ, ಇಲ್ಲವೇ ಗುಂಪಿನಲ್ಲಿ ನಂಬದವನೊಬ್ಬ. ಬಂಡೆಯ ನೆಲದಲ್ಲಿ ನೀರು ಬಿರುಕುಗಳಲ್ಲಿರುತ್ತದೆ, ಆಳಕ್ಕೆ ಕೊರೆದರೆ ಎಲ್ಲಿಯಾದರೂ ಒಂದಿಷ್ಟು ಸಿಕ್ಕೀತು. ವಿದ್ಯುತ್ ಹರಿಸಿ ಬಿರುಕನ್ನು ಅಂದಾಜು ಮಾಡುವ ಯಂತ್ರ ಹಿಡಿದು ಭೂವಿಜ್ಞಾನಿ ಬರುತ್ತಾನೆ. ಅವನ ಅಂದಾಜೂ ತಪ್ಪುತ್ತದೆ. ಆದರೆ ತಪ್ಪಿದಾಗ ಅವನು ಅಮಾವಾಸ್ಯೆಯನ್ನು ಬೈಯುವುದಿಲ್ಲ.

ಹಾಗೇ, ಕೆಲ ವರ್ಷಗಳ ಹಿಂದೆ ನರಗುಂದದ ಓಣಿಗಳಲ್ಲಿ ನೆಲ ಕುಸಿಯತೊಡಗಿದಾಗ ನನ್ನ ಬಸ್ಸಿನಲ್ಲಿ ಕೇಳಿದ ಕಾರಣಗಳು ಒಂದೆರಡಲ್ಲ. ದೇವಿಗೆ ಸಿಟ್ಟು, ನಿಧಿ, ಊರಿನ ಹಳೆಯ ದೊರೆ ಬಾಬಾಸಾಹೇಬನ ಕಾಲದ ಶಾಪ. ನೆಲದಡಿ ಇದ್ದದ್ದು ಹಿಂದಿನವರು ಜೋಳ ತುಂಬಿಡುತ್ತಿದ್ದ ಹಗೇವು, ಕೆಳಗಿನಿಂದ ಏರಿದ ಅಂತರ್ಜಲ.

ಕಾಯಿ ಹಿಡಿದವರನ್ನು ಕ್ಷಮಿಸಬಹುದು. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟುವವರನ್ನು ನಾನು ಕ್ಷಮಿಸಲಾರೆ. ‘ಮಿಡ್‌ಬ್ರೇನ್ ಆ್ಯಕ್ಟಿವೇಷನ್’ ಎಂಬ ತರಬೇತಿ ಈ ನಾಡಿನ ಊರೂರಿಗೆ ಬಂದುಹೋಯಿತು, ಹೆಸರು ಬದಲಿಸಿ ಮತ್ತೆ ಬರುತ್ತಲೇ ಇದೆ. ಕೆಲವು ದಿನದ ಕ್ಲಾಸು, ಸಾವಿರಗಟ್ಟಲೆ ಫೀ, ಆಮೇಲೆ ಮಗು ಕಣ್ಣು ಕಟ್ಟಿಕೊಂಡು ಪುಸ್ತಕ ಓದುತ್ತದೆ, ಬಣ್ಣ ಹೇಳುತ್ತದೆ. ಬೀಗರ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ ನನ್ನೆದುರು ಓದಿ ತೋರಿಸಿದಳು. ಗದ್ದ ಸ್ವಲ್ಪ ಮೇಲೆ, ಪುಸ್ತಕ ಎದೆಯ ಹತ್ತಿರ ಕೆಳಗೆ. ಮೂಗಿನ ಎರಡೂ ಪಕ್ಕ ಬಟ್ಟೆಗೂ ಕೆನ್ನೆಗೂ ನಡುವೆ ಉಳಿಯುವ ಸಂದಿ ಜಾದೂಗಾರರ ಬಲು ಹಳೆಯ ಕಿಟಕಿ. ಅವಳ ಗದ್ದದ ಕೆಳಗೆ ಒಂದು ರಟ್ಟು ಹಿಡಿದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಿಡಿಯಲಿಲ್ಲ. ಅಪ್ಪ-ಅವ್ವ ಹೆಮ್ಮೆಯಿಂದ ನೋಡುತ್ತಿದ್ದರು, ಹುಡುಗಿಯ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಆಮೇಲೆ ಹಿತ್ತಲಲ್ಲಿ ಸಿಕ್ಕಾಗ ನಾನೂ ಅದೇ ಸಂದಿಯಿಂದ ಓದಿ ತೋರಿಸಿದೆ. ಹುಡುಗಿ ನಕ್ಕಳು, ಆಮೇಲೆ ಅತ್ತಳು. “ಅಜ್ಜಾ, ಕಾಣ್ತೈತಿ ಅಂತ ಹೇಳಿದ್ರ ನಿಂದು ಇನ್ನೂ ಓಪನ್ ಆಗಿಲ್ಲ ಅಂತ ಸರ್ ಬೈತಾರ” ಅಂದಳು. ದುಡ್ಡು ಕೊಟ್ಟು ಮಗುವಿಗೆ ಸುಳ್ಳು ಹೇಳುವುದನ್ನು ಕಲಿಸಿದ್ದಾರೆ. ಪಾಂಡವಪುರದ ಬನಿಯನ್ನು ಈಗ ಕಣ್ಣಿನ ಪಟ್ಟಿಯಾಗಿದೆ. ನರೇಂದ್ರ ನಾಯಕ್ ಇಂಥ ಪ್ರದರ್ಶನಗಳಿಗೆ ಹೋಗಿ ಸವಾಲು ಹಾಕಿ ಬಯಲು ಮಾಡಿದ್ದಾರೆ. ನಿಜವಾಗಿ ಕಣ್ಣಿಲ್ಲದ ಮಕ್ಕಳಿಗೆ ಇದನ್ನು ಕಲಿಸಿ ತೋರಿಸಿ ಎಂದರೆ ತರಬೇತಿಯವರು ಊರು ಬಿಡುತ್ತಾರೆ.

ಇಷ್ಟು ಹೇಳಿದ ಮೇಲೆ ಗಜೇಂದ್ರಗಡದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಮ್ಮ ಗುಡ್ಡದ ಕಾಲಕಾಲೇಶ್ವರನ ಗುಡಿಯಲ್ಲಿ ಯುಗಾದಿಯ ಹಿಂದಿನ ರಾತ್ರಿ ಪೂಜಾರಿ ಸುಣ್ಣ, ಕುಂಚ, ಹುಕ್ಕಾ ಇಟ್ಟು ಬಾಗಿಲು ಹಾಕಿದರೆ ಮುಂಜಾನೆಗೆ ಸುಣ್ಣ ಬಳಿದಿರುತ್ತದೆ, ಹುಕ್ಕಾ ಸೇದಿದಂತಿರುತ್ತದೆ ಎಂಬ ನಂಬಿಕೆ ಇದೆ. ಅದನ್ನೂ ಪರೀಕ್ಷೆ ಮಾಡ್ತೀರೇನು ಜಾದೂಗಾರ್ರೆ? ಮಾಡುವುದಿಲ್ಲ. ಜಾಣತನ ಅನ್ನಿ, ಹೇಡಿತನ ಅನ್ನಿ. ಶ್ರಾವಣದ ಪುರಾಣದಲ್ಲಿ ಶರಣರ ಪವಾಡ ಕೇಳಿ ಕಣ್ಣೊರೆಸಿಕೊಳ್ಳುವ ಮಂದಿಯಲ್ಲಿ ನಾನೂ ಒಬ್ಬ. ಆ ಸುಣ್ಣದ ಹೆಸರಿನಲ್ಲಿ ಯಾರೂ ನನ್ನ ಮಗಳ ಔಷಧ ಬಿಡಿಸಿಲ್ಲ, ತಾಳಿ ಅಡವಿಡಿಸಿಲ್ಲ. ನನ್ನ ಕಣ್ಣು ಇರುವುದು ಶಕ್ತಿಗೆ ರೇಟು ಹಚ್ಚಿದವನ ಕೈ ಮೇಲೆ. ಭಯವೂ ಉಂಟು, ಮುಚ್ಚುಮರೆ ಯಾಕೆ. ಮೌಢ್ಯ ನಿಷೇಧ ಮಸೂದೆಯ ಮೇಲಿನ ಒಂದು ಸಭೆಯಲ್ಲಿ ಆಡಿದ ಮಾತಿಗೆ 2014ರಲ್ಲಿ ದೊಡ್ಡ ಗದ್ದಲ ಎದುರಿಸಿದ ವಿದ್ವಾಂಸ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಮುಂಜಾನೆ ಧಾರವಾಡದಲ್ಲಿ ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷ ಮೊದಲು ಪುಣೆಯಲ್ಲಿ, ಮೂಢನಂಬಿಕೆಯ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರ್ ಹೀಗೇ ಗುಂಡಿಗೆ ಬಲಿಯಾಗಿದ್ದರು. ನಾವು ಇರುವುದು ಧಾರವಾಡಕ್ಕೆ ಹತ್ತಿರ.

ಕಾನೂನಿಗೆ ಕೊರತೆಯಿಲ್ಲ. ತಾಯತ, ಮಂತ್ರ, ಕವಚದಿಂದ ರೋಗ ವಾಸಿ ಎಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯಿದೆಯೇ ತಡೆಯುತ್ತದೆ. ನಮ್ಮ ರಾಜ್ಯದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯಿದೆ 2017ರಲ್ಲಿ ಬಂದು 2020ರ ಜನವರಿಯಿಂದ ಜಾರಿಯಲ್ಲಿದೆ. ನಿಧಿಗಾಗಿ ವಾಮಾಚಾರ ಮಾಡಿದರೆ, ಹಾವು ಕಚ್ಚಿದವರನ್ನು ದವಾಖಾನೆಗೆ ಒಯ್ಯದಂತೆ ತಡೆದು ಮಂತ್ರ ಹಾಕಿದರೆ ಒಂದರಿಂದ ಏಳು ವರ್ಷ ಜೈಲು. ಜ್ಯೋತಿಷ್ಯ, ವಾಸ್ತುವನ್ನು ಮಾತ್ರ ಹೊರಗಿಟ್ಟರು. ಅದಕ್ಕೇ ಬಸ್ಸಿನ ಚೀಟಿಗಳಲ್ಲಿ ಮಾಂತ್ರಿಕರೆಲ್ಲ ಈಗ ಜ್ಯೋತಿಷ್ಯ ಸಾಮ್ರಾಟರಾಗಿದ್ದಾರೆ. ಪತ್ರಿಕೆಗಳ ಕಿರು ಜಾಹೀರಾತಿನಲ್ಲೂ ಅವರೇ ಇದ್ದಾರೆ. ಈ ಬರಹ ಹಾಕುವ ಸಂಪಾದಕರು ಆ ಪುಟವನ್ನೂ ಒಮ್ಮೆ ತಿರುವಿ ನೋಡಲಿ ಎಂದು ಕೇಳಿಕೊಳ್ಳುತ್ತೇನೆ. ಈ ಸಾಲನ್ನು ಕತ್ತರಿಸಿದರೆ ಅದಕ್ಕೂ ನನ್ನ ನಮಸ್ಕಾರ.

ಆದರೆ ಪೊಲೀಸರು ಬರುವುದು ಅನಾಹುತ ಆದ ಮೇಲೆ. ಆಗುವ ಮೊದಲೇ ತಡೆಯುವುದು ಹೆಡ್‌ಮಾಸ್ತರರಿಂದ, ಎಸ್‌ಡಿಎಂಸಿಯವರಿಂದ, ಜಾತ್ರಾ ಕಮಿಟಿಯಿಂದ ಸಾಧ್ಯ. ಶಕ್ತಿ ತೋರಿಸುತ್ತೇವೆ ಎಂದು ಯಾರಾದರೂ ನಿಮ್ಮ ಶಾಲೆಗೋ ಮಂಟಪಕ್ಕೋ ಬಂದರೆ ಬೇಡ ಎನ್ನಬೇಡಿ. ಬರಲಿ. ಸಾಮಾನು ನೀವು ತನ್ನಿ, ಕಣ್ಣಿನ ಪಟ್ಟಿ ನೀವು ಕಟ್ಟಿ, ಪುಸ್ತಕದ ಪುಟ ನೀವು ತೆರೆಯಿರಿ, ಮಗುವಿನ ಬದಲು ತರಬೇತಿ ಕೊಟ್ಟವನನ್ನೇ ಓದಲು ಕೂರಿಸಿ. ಪಕ್ಕದಲ್ಲಿ ಒಬ್ಬ ಜಾದೂಗಾರನಿರಲಿ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕಿನೊಳಗೆ ಬೇರೆ ಯಾರೂ ಸಿಗದಿದ್ದರೆ ನನಗೆ ಹೇಳಿಕಳಿಸಿ. ಬಸ್ ಚಾರ್ಜೂ ಬೇಡ, ನಿವೃತ್ತ ಕಂಡಕ್ಟರಿಗೆ ಪಾಸ್ ಇದೆ.